ತೊಳೆದ ಬೆರಳುಗಳು

ಒಂಬತ್ತು ತಟ್ಟೆ ಇಡಬೇಕೋ ಹತ್ತು ಇಡಬೇಕೋ ಎಂಬುದು ಬಗೆಹರಿಯದೆ ಕಲಿನಾ ಕಾಗದದ ತಟ್ಟೆಗಳ ಕಟ್ಟನ್ನು ಕೈಯಲ್ಲಿ ಹಿಡಿದು ಆ ಪುಟ್ಟ ಕೋಣೆಯಲ್ಲಿ ನಿಂತೇ ಇದ್ದಳು. ವೋಟು ಹಾಕುವವರು ಒಂಬತ್ತು ಜನ. ಹತ್ತನೆಯದು ತನಗೆ. ಆದರೆ ತನಗೂ ಒಂದು ತಟ್ಟೆ ಇಟ್ಟುಕೊಂಡರೆ, ಗೆದ್ದಾಯಿತು ಎಂದುಕೊಂಡು ಮೊದಲೇ ತಿನ್ನಲು ಕೂತವಳ ಹಾಗೆ ಕಾಣುವುದಿಲ್ಲವೇ? ಪರಿಸರ ಆರೋಗ್ಯ ಸಂಶೋಧನಾ ಕೇಂದ್ರದ ಖಾಯಂ ಸದಸ್ಯತ್ವಕ್ಕೆ ನಿಂತವರು ವೋಟಿಗೆ ಮುಂಚೆಯೇ ಪಕ್ಕದ ಕೋಣೆಯಲ್ಲಿ ತಿಂಡಿ ತೀರ್ಥ ಹೊಂದಿಸಿಡಬೇಕು. ಯಾವ ನಿಯಮದಲ್ಲೂ ಬರೆದಿಲ್ಲ, ಯಾರೂ ಬಾಯಿಬಿಟ್ಟು ಕೇಳುವುದೂ ಇಲ್ಲ, ಆದರೆ ಇಡದಿದ್ದರೆ ಆಮೇಲೆ ಹತ್ತು ವರ್ಷ ಅದನ್ನೇ ಆಡಿಕೊಳ್ಳುತ್ತಾರೆ. ಮೂರು ವರ್ಷದ ಹಿಂದೆ ರೂಮೆನ್ ನಿಂತಿದ್ದಾಗ ಐದು ಜನ ವೋಟಿನ ಚೀಟಿಯಲ್ಲಿ ಅವನ ಹೆಸರು ಹೊಡೆದು ಹಾಕಿ ಸೋಲಿಸಿದ್ದರು. ಹೊಡೆದವರೂ ಹೊಡೆಯದವರೂ ಒಟ್ಟಿಗೇ ಬಂದು ಅವನು ಇಟ್ಟಿದ್ದ ಸಾಸೇಜು ತಿಂದರು. ಅವನು ಒಬ್ಬೊಬ್ಬರ ಲೋಟಕ್ಕೂ ಹಣ್ಣಿನ ಸಾರಾಯಿ ರಾಕಿಯಾ ಸುರಿಯುತ್ತ, ನಗುತ್ತ, ಬೆವರಿಗೆ ಕಾಲರು ಒದ್ದೆ ಮಾಡಿಕೊಂಡು ಓಡಾಡಿದ. ನಿನ್ನ ಹೆಂಡತಿಯ ಕೈರುಚಿ ಬಹಳ ಚೆನ್ನಾಗಿದೆ ಎಂದು ಅವನ ಬೆನ್ನು ತಟ್ಟಿದವರಲ್ಲಿ ಕಲಿನಾಳೂ ಒಬ್ಬಳು. ಈಗ ಅವನು ಮನೆಮನೆಗೆ ನೀರು ಸೋಸುವ ಯಂತ್ರ ಮಾರುತ್ತಾನಂತೆ.

"ಹತ್ತು ಇಡಿ ಡಾಕ್ಟ್ರಮ್ಮ," ಎಂದು ಹಿಂದಿನಿಂದ ದನಿ ಬಂತು. ನರ್ಸ್ ಸ್ತೋಯ್ನಾ ಬಿಸಿ ಬಾನಿತ್ಸಾದ ದೊಡ್ಡ ತಗಡನ್ನು ಎರಡೂ ಕೈಯಲ್ಲಿ ಹಿಡಿದು, ಬಾಗಿಲನ್ನು ಸೊಂಟದಿಂದ ತಳ್ಳಿಕೊಂಡು ಒಳಗೆ ಬಂದಳು. ಪದರ ಪದರದ ನಡುವೆ ಬೆಂದ ಚೀಸಿನ ವಾಸನೆ ಕೋಣೆಯನ್ನೆಲ್ಲ ತುಂಬಿತು. "ಬೆಳಿಗ್ಗೆಯಿಂದ ಕಾಫಿ ಬಿಟ್ರೆ ನಿಮ್ಮ ಹೊಟ್ಟೆಗೆ ಏನೂ ಬಿದ್ದಿಲ್ಲ. ತಲೆ ಸುತ್ತಿ ಬಿದ್ರೆ ಆ ಒಂಬತ್ತು ಜನ ನಿಮ್ಮನ್ನ ದಾಟ್ಕೊಂಡು ಬಂದು ಬಾನಿತ್ಸಾ ತಿಂತಾರೆ ಅಷ್ಟೆ."

ಕಲಿನಾ ನಕ್ಕಳು. ಸ್ತೋಯ್ನಾ ಈ ಕೇಂದ್ರಕ್ಕೆ ಬಂದು ಮೂವತ್ತೊಂದು ವರ್ಷ. ಮೇ ತಿಂಗಳಿಗೆ ನಿವೃತ್ತಿ. ಅವಳು ತಗಡನ್ನು ಮೇಜಿನ ಮೇಲಿಟ್ಟು, ಬಟ್ಟೆಯಿಂದ ಅಂಚು ಒರೆಸುತ್ತ, ತಲೆ ಎತ್ತದೆ ಹೇಳಿದಳು.

"ಫಿಕ್ರಿಯೆ ಬರ್ತಾಳೆ ಇವತ್ತು."

"ಯಾರು?" ಎಂದಳು ಕಲಿನಾ, ಗೊತ್ತಿದ್ದೂ ಗೊತ್ತಿದ್ದೂ.

"ಕೆಳಗಿನ ಮೊಹಲ್ಲಾದ ಫಿಕ್ರಿಯೆ. ಸೆವ್ದಾಳ ಅಮ್ಮ. ಸಭೆಗೆ ಯಾರು ಬೇಕಾದ್ರೂ ಬರಬಹುದು ಅಂತ ಬಾಗಿಲಿಗೆ ಚೀಟಿ ಅಂಟಿಸಿದಾರಲ್ಲ. ನಾನೇ ಹೇಳ್ದೆ. ಇವತ್ತು ಡಾಕ್ಟ್ರಮ್ಮಂಗೆ ಸಹಿ ಹಾಕೋ ಅಧಿಕಾರ ಬರತ್ತೆ, ಆಮೇಲೆ ನಿನ್ನ ಮಗಳನ್ನ ಮತ್ತೆ ಕರೆಸ್ತಾರೆ ಅಂತ."

"ಇವತ್ತೇ ಯಾಕೆ ಕರೆದ್ರಿ ಸ್ತೋಯ್ನಕ್ಕ."

"ಎರಡು ವರ್ಷ ಆಯ್ತಲ್ಲ, ಅದಕ್ಕೇ."

ಅದರಲ್ಲಿ ಕೊಂಕು ಇರಲಿಲ್ಲ. ಕೊಂಕು ಇದ್ದಿದ್ದರೆ ಕಲಿನಾಳಿಗೆ ಎಷ್ಟೋ ಹಗುರವಾಗುತ್ತಿತ್ತು. ಹನ್ನೊಂದು ವರ್ಷದಿಂದ ಅವಳು ಇಲ್ಲಿ ಗುತ್ತಿಗೆಯವಳು. ಪ್ರತಿ ಜನವರಿಯಲ್ಲೂ ಕೇಂದ್ರದ ಮುಖ್ಯಸ್ಥ ಪ್ರೊಫೆಸರ್ ವಲ್ಚೆವ್ ಅವರ ಕೋಣೆಯ ಮುಂದೆ ಬೆಂಚಿನ ಮೇಲೆ ಕೂತು, ಇನ್ನೊಂದು ವರ್ಷ ಇಟ್ಟುಕೊಳ್ಳುತ್ತಾರೋ ಇಲ್ಲವೋ ಎಂದು ಕಾಯುವವಳು. ಕೇಂದ್ರದ ಪಟ್ಟಿಯಲ್ಲಿ ಅವಳ ಹೆಸರು 'ಇತರರು' ಎಂಬುದರ ಕೆಳಗೆ, ಡ್ರೈವರನ ಹೆಸರಿಗಿಂತ ಒಂದು ಸಾಲು ಮೇಲೆ. ಇದೆಲ್ಲ ಹೋಗಲಿ. ಸದಸ್ಯರ ಸಹಿ ಇಲ್ಲದೆ ಒಂದು ಮಗುವನ್ನೂ ಮತ್ತೆ ಕರೆಸಿ ತೋಳಿನ ನರದಿಂದ ರಕ್ತ ತೆಗೆಯುವಂತಿಲ್ಲ, ಅದು ಇಲ್ಲಿನ ನಿಯಮ. ಆ ಸಹಿ ಸಿಗಲಿ, ಆಮೇಲೆ ಎಲ್ಲ ಸರಿಮಾಡುತ್ತೇನೆ ಎಂದು ಎರಡು ವರ್ಷದಿಂದ ಅವಳು ತನಗೆ ತಾನೇ ಹೇಳಿಕೊಂಡು ಬಂದಿದ್ದಳು. ಇಪ್ಪತ್ತಮೂರು ಹೆಸರು ತುಂಬಿದ ಅರ್ಜಿ ಅವಳ ಕೈಚೀಲದಲ್ಲೇ ಇತ್ತು. ಸಹಿಯ ಜಾಗ ಮಾತ್ರ ಖಾಲಿ.

ಎರಡು ವರ್ಷದ ಹಿಂದೆ ಮೊಹಲ್ಲಾದ ಶಿಶುವಿಹಾರದಲ್ಲಿ ರಕ್ತ ತೆಗೆದಾಗಲೂ ಇಂಥದೇ ಮಾರ್ಚ್ ತಿಂಗಳು. ಮಕ್ಕಳ ಮಣಿಕಟ್ಟಿನಲ್ಲೆಲ್ಲ ವಸಂತ ಬಂತೆಂದು ಕಟ್ಟುವ ಹೊಸ ಕೆಂಪು ಬಿಳಿ ದಾರ. ನೂರಾ ಅರವತ್ತೊಂದು ಮಕ್ಕಳು. ಅಲ್ಲಿ ನಲ್ಲಿಯಲ್ಲಿ ನೀರು ಬರುವುದು ದಿನಕ್ಕೆ ಎರಡೇ ಗಂಟೆ ಎಂದು ಸ್ತೋಯ್ನಾ ಕೇಂದ್ರದಿಂದಲೇ ಹದಿನಾಲ್ಕು ಕ್ಯಾನು ನೀರು ವ್ಯಾನಿನಲ್ಲಿ ಹೇರಿಸಿಕೊಂಡು ಬಂದಿದ್ದಳು. ಅಂಗಿಯ ತೋಳು ಮಡಚಿ, ಸ್ಟೂಲಿನ ಮೇಲೆ ಕೂತು, ಒಂದೊಂದು ಮಗುವಿನ ಕೈಗೂ ಮೂರು ಸಲ ಸೋಪು, ಉಗುರಿಗೆ ಬ್ರಷ್ಷು. ಬೆರಳ ಮೇಲೆ ಸೀಸದ ಕಾರ್ಖಾನೆಯ ಧೂಳು ಒಂದು ಚೂರು ಉಳಿದರೂ ಅದು ರಕ್ತದ ಹನಿಗೆ ಸೇರಿ ಸುಳ್ಳು ಅಂಕಿ ತೋರಿಸುತ್ತದೆ. ಅದಕ್ಕೇ ತೊಳೆದ ಮೇಲೆ ಬೆರಳನ್ನು ಒದ್ದೆ ಕಾಗದದಿಂದ ಒರೆಸಿ, ಆ ಕಾಗದವನ್ನೂ ಮಗುವಿನ ನಂಬರು ಬರೆದ ಲಕೋಟೆಯಲ್ಲಿ ಹಾಕಬೇಕು. ಕಾಗದದಲ್ಲಿ ಸೀಸ ಇಲ್ಲವೆಂದರೆ ಬೆರಳು ಶುದ್ಧ, ರಕ್ತದಲ್ಲಿ ಬಂದದ್ದೇ ನಿಜ. ನಾಲ್ಕು ವರ್ಷದ ಸೆವ್ದಾ ಒಂದು ಕೈ ಚಾಚಿ, ಇನ್ನೊಂದು ಕೈಯನ್ನು ಸ್ತೋಯ್ನಾಳ ಜೇಬಿನೊಳಗೆ ಬಚ್ಚಿಟ್ಟುಕೊಂಡಿದ್ದಳು. ಅದನ್ನೂ ಚುಚ್ಚುತ್ತಾರೇನೋ ಎಂಬ ಭಯ. ರಕ್ತದಲ್ಲಿ ಸೀಸದ ಅಂಕಿ ಐದು ದಾಟಿದರೇ ಚಿಂತೆ ಮಾಡಬೇಕು. ಅವಳದು ನಲವತ್ತೊಂದು ಬಂತು. ಕಾರ್ಖಾನೆಯ ಗೋಡೆಗೆ ಅಂಟಿದ ಮೂರು ಓಣಿಗಳ ಇಪ್ಪತ್ತಮೂರು ಮಕ್ಕಳದೂ ಇಪ್ಪತ್ತರ ಮೇಲೆ. ಕಲಿನಾ ಎರಡು ದಿನ ಕೂತು ಆ ಇಪ್ಪತ್ತಮೂರು ಕಾಗದಗಳನ್ನು ತಾನೇ ಪರೀಕ್ಷೆ ಮಾಡಿದಳು. ಒಂದರಲ್ಲೂ ಸೀಸ ಇರಲಿಲ್ಲ. ಅಷ್ಟು ಚೆನ್ನಾಗಿ ತೊಳೆದಿದ್ದಳು ಸ್ತೋಯ್ನಾ.

ಅದನ್ನು ಹಿಡಿದುಕೊಂಡು ವಲ್ಚೆವ್ ಅವರ ಕೋಣೆಗೆ ಹೋದಾಗ ಅವರು ಸೇಬಿನ ಸಿಪ್ಪೆ ಸುಲಿಯುತ್ತಿದ್ದರು. ಕಾಗದಗಳ ಫಲಿತಾಂಶ ಲಕೋಟೆಯೊಳಗಿತ್ತು, ಅವಳು ಮೊದಲು ಮಕ್ಕಳ ಅಂಕಿಗಳನ್ನಷ್ಟೇ ಮುಂದಿಟ್ಟಳು. ಅವರು ನಿಧಾನವಾಗಿ ಓದಿದರು. ಕೆಟ್ಟ ಮನುಷ್ಯರಲ್ಲ. ಅವಳ ತಾಯಿ ಸತ್ತಾಗ ಮಣ್ಣಿಗೆ ಬಂದು ಮಳೆಯಲ್ಲಿ ಕೊನೆಯವರೆಗೂ ನಿಂತಿದ್ದವರು. "ನೋಡಮ್ಮ ಕಲಿನಾ," ಎಂದು ಅವಳಿಗೂ ಒಂದು ಹೋಳು ಕೊಟ್ಟರು. "ಇದನ್ನ ಹೀಗೇ ಕಳಿಸಿದ್ರೆ ವರದಿ ಮಂತ್ರಾಲಯದಲ್ಲಿ ಕೊಳೆಯತ್ತೆ. ನಮ್ಮ ಹೊಸ ಯಂತ್ರ ಯಾವ ಕಾರ್ಖಾನೆಯವರು ಕೊಡಿಸಿದ್ದು ಅಂತ ನಿನಗೆ ಗೊತ್ತು. ಅದನ್ನ ವಾಪಸ್ ಹೊತ್ಕೊಂಡು ಹೋಗ್ತಾರೆ. ಕೇಂದ್ರಕ್ಕೆ ಬೀಗ ಬೀಳತ್ತೆ. ಆಮೇಲೆ ಈ ಊರಿನ ಒಂದು ಮಗುವಿನ ರಕ್ತಾನೂ ನೋಡೋರು ಇರಲ್ಲ. ಆ ಮೊಹಲ್ಲಾದಲ್ಲಿ ನೀರೇ ಬರಲ್ಲ ಕಣಮ್ಮ. ಕೈ ಸರಿಯಾಗಿ ತೊಳೆದಿರಲಿಕ್ಕಿಲ್ಲ ಅಂತ ನಿನಗೆ ಅನ್ನಿಸಲ್ವಾ?" ಅನ್ನಿಸುವುದಿಲ್ಲ ಎಂದು ಹೇಳೋಣವೆಂದರೆ ಬಾಯಲ್ಲಿ ಸೇಬು ಇತ್ತು. ಅದನ್ನು ನುಂಗುವಷ್ಟರಲ್ಲಿ ಅವರು ಬೇರೆ ಮಾತಿಗೆ ಹೋಗಿದ್ದರು, ಇನ್ನೆರಡು ವರ್ಷಕ್ಕೆ ಒಂದು ಸದಸ್ಯ ಸ್ಥಾನ ಖಾಲಿಯಾಗುತ್ತದೆ ಎಂಬ ಮಾತಿಗೆ. ಲಕೋಟೆ ತೆರೆಯಲೇ ಇಲ್ಲ. ಅದೇ ಮಧ್ಯಾಹ್ನ ಅವಳು ಕಂಪ್ಯೂಟರಿನ ಮುಂದೆ ಕೂತು ಸೆವ್ದಾಳ ನಂಬರಿನ ಎದುರು 'ಮಲಿನ ಮಾದರಿ' ಎಂದು ಟೈಪು ಮಾಡಿದಳು. ಉಳಿದ ಇಪ್ಪತ್ತೆರಡಕ್ಕೆ ಟೈಪು ಮಾಡುವ ಕಷ್ಟವೂ ಬೇಕಾಗಲಿಲ್ಲ, ಮೌಸಿನಿಂದ ಕೆಳಗೆ ಎಳೆದರೆ ತಾನಾಗಿಯೇ ತುಂಬಿಕೊಂಡಿತು. ಲಕೋಟೆಯನ್ನು ಡ್ರಾಯರಿನಲ್ಲಿ ಚಹಾ ಪೊಟ್ಟಣಗಳ ಕೆಳಗೆ ಇಟ್ಟಳು. ಮಾಡಬಾರದ್ದು ಮಾಡಿದಾಗ ಮನುಷ್ಯರು ಅಳುತ್ತಾರೆ, ಒದ್ದಾಡುತ್ತಾರೆ ಎಂದು ಕೇಳಿದ್ದಳು. ಅವಳಿಗೆ ಆಗ ಅನಿಸಿದ್ದು ಹಸಿವು. ಕೆಳಗಿಳಿದು ಹೋಗಿ ಎರಡು ಬನ್ನು ತಿಂದಳು.

ಸಭೆ ಹನ್ನೊಂದಕ್ಕೆ ಶುರುವಾಯಿತು. ಕಲಿನಾ ಪರದೆಯ ಪಕ್ಕ ನಿಂತು ಹನ್ನೊಂದು ವರ್ಷದ ಕೆಲಸವನ್ನು ಇಪ್ಪತ್ತು ನಿಮಿಷದಲ್ಲಿ ಹೇಳಿ ಮುಗಿಸಿದಳು. ನಾಲಿಗೆ ತೊಡರಲಿಲ್ಲ. ಕೊನೆಯ ಸಾಲಿನಲ್ಲಿ, ಬಾಗಿಲ ಪಕ್ಕ, ಸ್ತೋಯ್ನಾಳ ಜೊತೆ ಫಿಕ್ರಿಯೆ ಕೂತಿದ್ದಳು. ಇಸ್ತ್ರಿ ಮಾಡಿದ ಹೂವಿನ ತಲೆವಸ್ತ್ರ, ತೊಡೆಯ ಮೇಲೆ ಎರಡೂ ಕೈಯಲ್ಲಿ ಹಿಡಿದುಕೊಂಡ ಕರಿಯ ಚೀಲ. ಶಾಲೆಯಲ್ಲಿ ಮೇಷ್ಟರು ಕರೆಸಿದಾಗ ಅಮ್ಮಂದಿರು ಕೂರುವ ಹಾಗೆ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಅರ್ಥವಾಗದ ಕಡೆಯೆಲ್ಲ ಅವಳು ಇನ್ನಷ್ಟು ಶ್ರದ್ಧೆಯಿಂದ ನೋಡುತ್ತಿದ್ದಳು. ಕಲಿನಾ ಅತ್ತ ನೋಡಬಾರದೆಂದುಕೊಂಡು ಐದು ಸಲ ನೋಡಿದಳು.

ಪ್ರಶ್ನೆಗಳು ಸುಲಭವಾಗಿದ್ದವು. ತಿಂಡಿಯ ವಾಸನೆ ಸಭಾಂಗಣದವರೆಗೂ ಬರುತ್ತಿದ್ದುದರಿಂದ ಯಾರಿಗೂ ಎಳೆಯುವ ಮನಸ್ಸಿರಲಿಲ್ಲ. ಸೋಫಿಯಾದಿಂದ ಬಂದಿದ್ದ ಪ್ರೊಫೆಸರ್ ಮಿಂಕೋವಾ ಎಂಬಾಕೆ ಮಾತ್ರ ಕನ್ನಡಕ ತೆಗೆದು ಕಲಿನಾಳ ಪ್ರಬಂಧದ ಮೇಲಿಟ್ಟರು.

"ನೂರಾ ಅರವತ್ತೊಂದು ಮಕ್ಕಳ ರಕ್ತ ತೆಗೆದಿದೀರಿ. ಲೆಕ್ಕದಲ್ಲಿ ಇರೋದು ನೂರಾ ಮೂವತ್ತೆಂಟು. ಉಳಿದ ಇಪ್ಪತ್ತಮೂರು ಮಕ್ಕಳು ಎಲ್ಲಿ ಹೋದ್ರು?"

"ಆ ಮಾದರಿಗಳು ಮಲಿನ ಆಗಿದ್ವು. ಬೆರಳ ಮೇಲಿನ ಧೂಳು."

"ಬೆರಳು ಒರೆಸಿದ ಕಾಗದ ಇರತ್ತಲ್ಲ, ನೀವೇ ವಿಧಾನದಲ್ಲಿ ಬರೆದಿದೀರಿ. ಅದರಲ್ಲಿ ಏನು ಬಂತು?"

ಒಂದೇ ಒಂದು ಮಾತು. ಏನೂ ಬರಲಿಲ್ಲ, ಕಾಗದ ಶುದ್ಧವಾಗಿತ್ತು. ಅಷ್ಟು ಹೇಳಿದರೆ ಉಳಿದದ್ದನ್ನು ಈ ಹೆಂಗಸೇ ಬಿಡಿಸಿ ಹೇಳುತ್ತಾಳೆ, ತಾನು ಸುಮ್ಮನೆ ನಿಂತಿದ್ದರೂ ಸಾಕು. ವಲ್ಚೆವ್ ಅವಳ ಕಡೆ ನೋಡಲಿಲ್ಲ. ಪೆನ್ನಿನ ಮುಚ್ಚಳ ಹಾಕುತ್ತ ತೆಗೆಯುತ್ತ ಇದ್ದರು. ನಿಜ ಹೇಳಿದರೆ ವೋಟಿಲ್ಲ. ವೋಟಿಲ್ಲದಿದ್ದರೆ ಸಹಿಯಿಲ್ಲ. ಸಹಿಯಿಲ್ಲದಿದ್ದರೆ ಆ ಮಕ್ಕಳನ್ನು ಕರೆಸುವವರು ಯಾರು? ಹೀಗೆ ಮಕ್ಕಳ ಹೆಸರಿನಲ್ಲೇ ಅವಳ ಮನಸ್ಸು ಸರಸರನೆ ವಾದ ಹೂಡುತ್ತಿದ್ದರೂ, ನಿಜವಾಗಿ ಆ ಕ್ಷಣ ಕಣ್ಣಮುಂದೆ ಬಂದದ್ದು ಬಾಗಿಲಿಗೆ ಹಾಕುವ ಹಿತ್ತಾಳೆಯ ಹೆಸರುಫಲಕ, ರೂಮೆನ್‌ನ ಒದ್ದೆ ಕಾಲರು, ಜನವರಿಯ ಬೆಂಚು. ಛೀ, ಇಷ್ಟೇನಾ ನಾನು ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಹೇಸಿಗೆಯಾದದ್ದರಿಂದ ನಾಲಿಗೆಯೇನೂ ನಿಲ್ಲಲಿಲ್ಲ.

"ಒರೆಸೋ ಕೆಲಸ ಸರಿಯಾಗಿ ಆಗಿರಲಿಲ್ಲ," ಎಂದಳು. "ಕೈ ತೊಳೆಸಿದ ನರ್ಸ್ ಸ್ವಲ್ಪ ಅಜಾಗರೂಕರಾಗಿದ್ರು. ಕಾಗದಗಳು ನಂಬೋ ಹಾಗಿರಲಿಲ್ಲ."

"ಅಂದ್ರೆ ಆ ಮಕ್ಕಳ ರಕ್ತದಲ್ಲಿ ಸೀಸ ಇತ್ತು ಅನ್ನೋದಕ್ಕೆ ನಿಮ್ಮ ಹತ್ರ ಆಧಾರ ಇಲ್ಲ."

"ಇಲ್ಲ."

ಮಿಂಕೋವಾ ಕನ್ನಡಕ ಹಾಕಿಕೊಂಡರು. ಕೊನೆಯ ಸಾಲಿನಲ್ಲಿ ಸ್ತೋಯ್ನಾ ತನ್ನ ಮುಂದಿನ ಕುರ್ಚಿಯ ಬೆನ್ನನ್ನು ನೋಡುತ್ತಿದ್ದಳು. ಮೂವತ್ತೊಂದು ವರ್ಷದಲ್ಲಿ ಅವಳ ಕೆಲಸದ ಮೇಲೆ ಯಾರೂ ಬೆರಳು ತೋರಿಸಿರಲಿಲ್ಲ. ಫಿಕ್ರಿಯೆ ಅವಳ ಕಿವಿಯಲ್ಲಿ ಏನೋ ಕೇಳಿದಳು.

ವೋಟಿನ ಹೊತ್ತಿಗೆ ಹೊರಗಿನವರೆಲ್ಲ ಎದ್ದು ಹೋಗಬೇಕು. ಕಲಿನಾ ಮೆಟ್ಟಿಲ ಬಳಿಯ ಕಿಟಕಿಯಲ್ಲಿ ನಿಂತಳು. ಎದುರಿನ ಮನೆಯ ಬಾಗಿಲಿಗೆ ಯಾವುದೋ ಮುದುಕನ ತಿಥಿಯ ಚೀಟಿ ಹೊಸದಾಗಿ ಅಂಟಿಸಿದ್ದರು, ಫೋಟೋದಲ್ಲಿ ಅವನು ಮದುವೆಗೆ ಹೊರಟವನಂತೆ ಟೈ ಕಟ್ಟಿದ್ದ. ಸೀಸದಿಂದ ಸತ್ತರೆ ಚೀಟಿಯಲ್ಲಿ ಹಾಗೆಂದು ಬರೆಯುವುದಿಲ್ಲ. ಸೀಸದಿಂದ ಯಾರೂ ಸಾಯುವುದೂ ಇಲ್ಲ, ಅದೇ ಅದರ ಗುಣ. ಮಗು ನಾಳೆ ಕಲಿಯಬೇಕಾದ್ದನ್ನು ನಾಡಿದ್ದು ಕಲಿಯುತ್ತದೆ, ಆಮೇಲೆ ಕಲಿಯುವುದೇ ಇಲ್ಲ, ದಡ್ಡಿ ಎಂದು ಹಿಂದಿನ ಬೆಂಚಿನಲ್ಲಿ ಕೂರಿಸುತ್ತಾರೆ. ಇದನ್ನು ಅವಳು ಪ್ರತಿ ವರ್ಷ ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತಿದ್ದಳು. ಬಾಗಿಲು ತೆರೆಯಿತು. ವಲ್ಚೆವ್ ಬಂದು ಅವಳ ಹಣೆಗೆ ಮುತ್ತಿಟ್ಟರು. "ಒಂಬತ್ತಕ್ಕೆ ಒಂಬತ್ತು. ಒಬ್ಬರೂ ಹೆಸರು ಹೊಡೀಲಿಲ್ಲ. ಇನ್ನು ನೀನು ನಮ್ಮವಳು ಕಣಮ್ಮ." ಅವಳಿಗೆ ಸಂತೋಷವಾಯಿತು. ಮುಚ್ಚಿಡಲಾರದಷ್ಟು ಸಂತೋಷ. ಇವತ್ತೇ ಸಹಿ ಹಾಕುತ್ತೇನೆ, ನಾಳೆ ಸ್ತೋಯ್ನಾಳನ್ನು ಮೊಹಲ್ಲಾಗೆ ಕಳಿಸುತ್ತೇನೆ, ಆ ಮೂರು ಓಣಿಯ ಬಾಗಿಲು ತೆರೆಯುವುದು ಅವಳಿಗೊಬ್ಬಳಿಗೇ. ಅವಳ ಹತ್ತಿರ ಆಮೇಲೆ ಕ್ಷಮೆ ಕೇಳಿದರಾಯಿತು. ದೊಡ್ಡ ಮನಸ್ಸಿನವಳು, ಅರ್ಥಮಾಡಿಕೊಳ್ಳುತ್ತಾಳೆ.

ಪುಟ್ಟ ಕೋಣೆಯಲ್ಲಿ ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಗೆದ್ದವರು ಚಾಕಲೇಟಿನ ಡಬ್ಬಿ ಹಿಡಿದು ಒಬ್ಬೊಬ್ಬರ ಮುಂದೂ ಹೋಗಬೇಕು, ಅವರು ಒಂದು ತೆಗೆದುಕೊಂಡು ಆರೋಗ್ಯವಾಗಿರು ಎನ್ನಬೇಕು. ಒಂಬತ್ತು ಜನರೂ ಹರಸಿದರು. ಸ್ತೋಯ್ನಾ ಮೂಲೆಯಲ್ಲಿ ಬಾನಿತ್ಸಾ ಕತ್ತರಿಸುತ್ತಿದ್ದಳು. ಆಗ ಫಿಕ್ರಿಯೆ ಬಾಗಿಲಲ್ಲಿ ಬಂದು ನಿಂತಳು. ಒಳಗೆ ಬರಬಹುದೋ ಬಾರದೋ ತಿಳಿಯದೆ ಹೊಸ್ತಿಲಲ್ಲೇ ಕಾಲು ಒರೆಸಿಕೊಂಡಳು.

"ಡಾಕ್ಟ್ರಮ್ಮ, ತಪ್ಪು ತಿಳ್ಕೋಬೇಡಿ. ನಾನು ಓದಿದೋಳಲ್ಲ, ನೀವು ಹೇಳಿದ್ದು ಅರ್ಧ ತಿಳೀಲಿಲ್ಲ. ಒಂದು ಮಾತು ಮಾತ್ರ ತಿಳೀತು. ಸೀಸ ನನ್ನ ಸೆವ್ದಾಳ ರಕ್ತದಲ್ಲಿ ಇರಲಿಲ್ಲ, ಬೆರಳ ಮೇಲೆ ಧೂಳಿತ್ತು ಅಂದ್ರಿ. ಹೌದಲ್ವಾ?"

ಕಲಿನಾ ಬಾಯಿ ತೆರೆಯುವ ಮೊದಲೇ ವಲ್ಚೆವ್ ಬಾನಿತ್ಸಾ ಅಗಿಯುತ್ತ ಹೇಳಿದರು. "ಅಷ್ಟೇ ಕಣಮ್ಮ. ಸರಿಯಾಗೇ ತಿಳ್ಕೊಂಡಿದೀಯ."

ಫಿಕ್ರಿಯೆಯ ಮುಖ ಅರಳಿತು. ಅರಳಿದ್ದು ಅಲ್ಲೇ ಅಳುವಾಯಿತು. ಅವಳು ಮೂಲೆಯ ಕಡೆ ತಿರುಗಿದಳು. "ಕೇಳಿಸ್ಕೊಂಡ್ಯಾ ಸ್ತೋಯ್ನಕ್ಕ? ನಲವತ್ತೊಂದು, ನಲವತ್ತೊಂದು ಅಂತ ನನ್ನ ಪ್ರಾಣ ಹಿಂಡಿದೆ. ಎರಡು ವರ್ಷ. ಮಗು ಒಂದು ಪದ ಮರೆತ್ರೆ ಅದೇ ಇರಬೇಕು, ಕೈಯಿಂದ ಲೋಟ ಜಾರಿದ್ರೆ ಅದೇ ಇರಬೇಕು ಅಂತ ಗೋಡೆಗೆ ಮುಖ ಮಾಡ್ಕೊಂಡು ಅತ್ತಿದೀನಿ. ಗಂಡನ ಹತ್ರ ಹೇಳ್ಕೊಂಡಿಲ್ಲ. ನೀನು ನೆಟ್ಟಗೆ ಕೈ ತೊಳೆಸಿದ್ರೆ ನನಗೆ ಇದೆಲ್ಲ ಬೇಕಿತ್ತಾ?"

ಸ್ತೋಯ್ನಾ ಚಾಕು ಕೆಳಗಿಟ್ಟಳು. ಕಲಿನಾಳನ್ನು ನೋಡಿದಳು. ಸಿಟ್ಟಿನಿಂದಲ್ಲ, ಬೇಡುವ ಹಾಗೂ ಅಲ್ಲ. ಕೌಂಟರಿನ ಮುಂದೆ ತನ್ನ ಸರದಿ ಬರಲಿ ಎಂದು ಕಾಯುವವರು ನೋಡುತ್ತಾರಲ್ಲ, ಅಷ್ಟೇ. ಹೇಳು, ಈಗಲಾದರೂ ಹೇಳು ಎಂದು ಕಲಿನಾ ಒಳಗೊಳಗೇ ತನ್ನನ್ನು ತಾನು ತಿವಿದುಕೊಂಡಳು. ವೋಟು ಆಗಿಹೋಗಿದೆ, ಹೆಸರು ಹೊಡೆಯಲು ಇನ್ನು ಯಾರಿಗೂ ಬರುವುದಿಲ್ಲ.

"ಆದ್ರೂ ಫಿಕ್ರಿಯೆ," ಎಂದಳು. "ಇನ್ನೊಂದ್ಸಲ ರಕ್ತ ತೆಗೆದು ನೋಡೋಣ. ಈ ಸಲ ತೋಳಿಂದ."

"ಯಾಕೆ?" ಫಿಕ್ರಿಯೆಯ ಕೈ ತಲೆವಸ್ತ್ರದ ತುದಿಗೆ ಹೋಯಿತು. "ಏನಾದ್ರೂ ಇದೆಯಾ ಡಾಕ್ಟ್ರಮ್ಮ?"

ಕಿಟಕಿಯ ಬಳಿ ಲೋಟ ಹಿಡಿದು ನಿಂತಿದ್ದ ಮಿಂಕೋವಾ ಇತ್ತ ತಿರುಗಿದರು. ವಲ್ಚೆವ್ ಅಗಿಯುವುದನ್ನು ನಿಲ್ಲಿಸಿದರು.

"ಏನಿಲ್ಲ. ಸುಮ್ನೆ."

"ಸುಮ್ನೆ ಯಾಕೆ ಚುಚ್ಚೋದು? ಸೂಜಿ ಅಂದ್ರೆ ಅವಳು ಮೂರು ದಿನ ಊಟ ಬಿಡ್ತಾಳೆ. ನೀವು ದೊಡ್ಡವರು, ನೀವೇ ಒಂದು ಮಾತು ಹೇಳಿಬಿಡಿ. ಬೇಕೇ ಬೇಕಾ?"

"ಬೇಕಿಲ್ಲ," ಎಂದಳು ಕಲಿನಾ.

ಫಿಕ್ರಿಯೆ ಅವಳ ಕೈ ಹಿಡಿದು, ಮುತ್ತಿಟ್ಟು, ಹಣೆಗೆ ಒತ್ತಿಕೊಂಡಳು. ಹಣೆ ಬೆಚ್ಚಗಿತ್ತು. ಡಬ್ಬಿಯಿಂದ ಒಂದು ಚಾಕಲೇಟು ತೆಗೆದು, ಇನ್ನೊಂದು ತೆಗೆಯಬಹುದೇ ಎಂದು ಕಣ್ಣಲ್ಲೇ ಕೇಳಿ, ಅದನ್ನು ಕರವಸ್ತ್ರದಲ್ಲಿ ಸುತ್ತಿ ಮಗಳಿಗೆಂದು ಚೀಲಕ್ಕೆ ಹಾಕಿಕೊಂಡಳು. ಹನ್ನೆರಡೂವರೆ ಬಸ್ಸು ತಪ್ಪಿದರೆ ಮತ್ತೆ ಎರಡಕ್ಕೇ ಎಂದು ಹೇಳುತ್ತ, ಎಲ್ಲರಿಗೂ ತಲೆಬಾಗಿ, ಮೆಟ್ಟಿಲಿಳಿದು ಹೋದಳು. ಯಾರೋ ಬಾನಿತ್ಸಾ ಮಾಡಿದ್ದು ಯಾರು ಎಂದು ಕೇಳಿದರು.

ಎಲ್ಲರೂ ಹೋಗುವ ಹೊತ್ತಿಗೆ ಒಂದೂವರೆ. ಸ್ತೋಯ್ನಾ ಉಳಿದ ಚೂರುಗಳನ್ನು ಒಂದೇ ತಟ್ಟೆಗೆ ಸೇರಿಸುತ್ತಿದ್ದಳು. ಕಲಿನಾ ಚೀಲದಿಂದ ಅರ್ಜಿ ತೆಗೆದು, ಮೇಜಿನ ಮೇಲಿನ ಜಿಡ್ಡು ಒರೆಸಿ, ಸಹಿ ಹಾಕಿದಳು. ಮೊದಲ ಸಹಿ. ಅದನ್ನು ಸ್ತೋಯ್ನಾಳ ಕಡೆ ಸರಿಸಿದಳು. ಕ್ಷಮೆ ಕೇಳಬೇಕಿತ್ತು. ಮೊದಲು ಕೆಲಸದ ಮಾತು ಮುಗಿಯಲಿ ಎಂದುಕೊಂಡಳು.

"ನಾಳೆ ಮೊಹಲ್ಲಾಗೆ ಹೋಗ್ಬರ್ತೀರಾ ಸ್ತೋಯ್ನಕ್ಕ?"

ಸ್ತೋಯ್ನಾ ಅರ್ಜಿಯನ್ನು ಎತ್ತಿಕೊಂಡು, ದೂರ ಹಿಡಿದು, ಹೆಸರುಗಳನ್ನು ಮೇಲಿನಿಂದ ಕೆಳಗಿನವರೆಗೆ ಓದಿದಳು. ಒಂದೊಂದು ಹೆಸರಿಗೂ ಅವಳ ತುಟಿ ಅಲುಗುತ್ತಿತ್ತು. ಓದಿ, ಒದ್ದೆಯಿಲ್ಲದ ಜಾಗ ನೋಡಿ ಮೇಜಿನ ಮೇಲಿಟ್ಟಳು.

"ಹೋಗ್ತೀನಿ, ಅದಕ್ಕೇನು. ಆದ್ರೆ ಹೋಗಿ ಏನಂತ ಹೇಳ್ಲಿ ಡಾಕ್ಟ್ರಮ್ಮ? ಫಿಕ್ರಿಯೆ ಬಸ್ಸಲ್ಲಿ ಕೂತಾಗಿಂದ ಒಬ್ಬೊಬ್ಬರಿಗೂ ಫೋನ್ ಮಾಡಿ ಬರೀ ಧೂಳಂತೆ ಅಂತ ಹೇಳ್ತಾ ಇರ್ತಾಳೆ. ನಾನು ಹೋಗೋ ಹೊತ್ತಿಗೆ ಇಪ್ಪತ್ತಮೂರು ಮನೇಲೂ ಮಕ್ಕಳು ಚೆನ್ನಾಗಿರ್ತಾರೆ."